ಕಾವಿ ತೊಟ್ಟ ರೋಮಿನ ಗುರು

ಮಧುರೆಯ ಮಿಷನ್ ಎಂದೊಡನೆ ನಮಗೆ ಮೊದಲು ನೆನಪಾಗುವವರು ವಂದನೀಯ ರಾಬರ್ಟ್ ದೆ ನೊಬಿಲಿ. 1577ರಲ್ಲಿ ರೋಮಿನ ಕುಲೀನ ಮನೆತನದಲ್ಲಿ ಜನಿಸಿದ ಅವರು ಯೇಸುಸಭೆಯನ್ನು ಸೇರಿ, 1605ರಲ್ಲಿ ಗೋವೆಗೆ ಬಂದಿಳಿದು, ಮರುವರ್ಷ ಮಧುರೆಗೆ ತೆರಳಿದರು. ಅಲ್ಲಿ ಹಿರಿಯ ಗುರುಗಳೊಬ್ಬರು ವರ್ಷಗಟ್ಟಲೆ ದುಡಿದಿದ್ದರೂ ಮೇಲ್ಜಾತಿಯವರಾರೂ ದೀಕ್ಷಾಸ್ನಾನ ಪಡೆದಿರಲಿಲ್ಲ. ಕರಿಯ ನಿಲುವಂಗಿ, ಚರ್ಮದ ಪಾದರಕ್ಷೆ ಧರಿಸಿದವನು ಅವರ ಕಣ್ಣಿಗೆ ಪರಂಗಿ, ಅಂದರೆ ಪೋರ್ಚುಗೀಸರ ಪೈಕಿಯವನು. ಗೋಮಾಂಸ, ಮದ್ಯ ಸೇವಿಸುವವನು. ಮರ್ಯಾದಸ್ಥರು ಮನೆಯೊಳಗೆ ಕರೆಯಬಾರದವನು.

ನೊಬಿಲಿಯವರು ಆ ಉಡುಪನ್ನು ಕಳಚಿಟ್ಟರು. ಕಾವಿ ಬಟ್ಟೆ, ಮರದ ಪಾದುಕೆ, ದಿನಕ್ಕೊಂದೇ ಹೊತ್ತಿನ ಸಸ್ಯಾಹಾರ, ತಮಿಳು ಸಂಸ್ಕೃತಗಳ ವ್ಯಾಸಂಗ ಅವರ ಜೀವನಕ್ರಮವಾಯಿತು. ಪಂಡಿತರು ಚರ್ಚೆಗೆ ಬರತೊಡಗಿದರು. ಆದರೆ ಯೇಸುಸಭೆಯೊಳಗೇ ಆಕ್ಷೇಪ ಎದ್ದಿತು. ಹೊಸ ಕ್ರೈಸ್ತರು ಉಳಿಸಿಕೊಂಡ ಜನಿವಾರ, ಜುಟ್ಟು, ಗಂಧಗಳು ಮತದ ಚಿಹ್ನೆಗಳೋ ಕುಲದ ಚಿಹ್ನೆಗಳೋ ಎಂಬ ವಾದ ರೋಮಿನವರೆಗೂ ಹೋಯಿತು. 1623ರಲ್ಲಿ ಜಗದ್ಗುರು ಹದಿನೈದನೆಯ ಗ್ರೆಗೊರಿಯವರು ಅವುಗಳಿಗೆ ಷರತ್ತಿನ ಮೇಲೆ ಅನುಮತಿಯಿತ್ತರು. ಕೆಳಕುಲದವರನ್ನು ತಿರಸ್ಕರಿಸಕೂಡದೆಂದೂ ಮೇಲಿನವರಿಗೆ ಬುದ್ಧಿ ಹೇಳಿದರು.

ಆ ಬುದ್ಧಿಮಾತು ಅಕಾರಣವಾಗಿರಲಿಲ್ಲ. ಅಗ್ರಹಾರದ ಬಾಗಿಲನ್ನು ತೆರೆದ ಕಾವಿಯೇ ಬಡವರ ಕೇರಿಯ ಹಾದಿಗೆ ಅಡ್ಡವಾಯಿತೆಂಬುದನ್ನು ನಾವು ಮರೆಮಾಚಲಾಗದು. ಎಲ್ಲ ಕುಲದವರೊಡನೆ ಬೆರೆಯಲೆಂದು 1640ರಲ್ಲಿ ಪಂಡಾರಸ್ವಾಮಿಗಳೆಂಬ ಬೇರೊಂದು ವೇಷದ ಗುರುಗಳನ್ನು ನೇಮಿಸಬೇಕಾಯಿತು.

ದೃಷ್ಟಿ ಬಹುಪಾಲು ಹೋಗಿದ್ದ ನೊಬಿಲಿಯವರು 1656ರಲ್ಲಿ ಮೈಲಾಪುರದಲ್ಲಿ ದೈವಾಧೀನರಾದರು. ಅದಕ್ಕೆ ಕೆಲವೇ ವರ್ಷ ಮೊದಲು, ನಮ್ಮ ಮೈಸೂರು ಮಿಷನ್ನಿನ ಸ್ಥಾಪಕರಾದ ವಂದನೀಯ ಲಿಯೊನಾರ್ಡೊ ಚಿನ್ನಮಿಯವರು ಶ್ರೀರಂಗಪಟ್ಟಣಕ್ಕೆ ಬಂದಾಗಲೂ ತೊಟ್ಟಿದ್ದುದು ಸನ್ಯಾಸಿಯ ಕಾವಿಯನ್ನೇ.