ಸರ್ ಎಂ. ವಿಶ್ವೇಶ್ವರಯ್ಯನವರೂ ಮೋಟಾರು ಕಾರೂ

(ಅಂತಿಮ ಬಿ.ಎ. ವಿದ್ಯಾರ್ಥಿ, ಆಲ್ದೂರು)

ಜಗತ್ತಿನಲ್ಲಿ ಇದುವರೆಗೆ ತಯಾರಾದ ಮೋಟಾರು ಕಾರುಗಳಲ್ಲಿ ಶ್ರೇಷ್ಠವಾದವು ಯಾವುವು ಎಂಬ ಚರ್ಚೆ ಇಂದು ನಿನ್ನೆಯದಲ್ಲ. ವಿದ್ಯಾರ್ಥಿ ನಿಲಯದಲ್ಲಿ ರಾತ್ರಿಯ ಊಟ ಮುಗಿಸಿ ನಾಲ್ವರು ಒಂದೆಡೆ ಕುಳಿತರೆ ಸಾಕು, ಈ ಮಾತು ತಾನಾಗಿ ಬರುತ್ತದೆ. ಒಬ್ಬನಿಗೆ ವೇಗವೇ ದೊಡ್ಡದು. ಇನ್ನೊಬ್ಬನಿಗೆ ಅಂದವೇ ದೊಡ್ಡದು. ಮತ್ತೊಬ್ಬನಿಗೆ, ಬೆಲೆ ಹೆಚ್ಚಿದಷ್ಟೂ ಕಾರು ಶ್ರೇಷ್ಠ. ಮಹಾರಾಜರ ಅರಮನೆಗಳಲ್ಲಿದ್ದ ರೋಲ್ಸ್ ರಾಯ್ಸ್ ಕಾರುಗಳ ಹೆಸರನ್ನೆತ್ತಿ ವಾದವನ್ನು ಮುಗಿಸಲು ನೋಡುವವರೂ ಉಂಟು.

1999ರಲ್ಲಿ ಹಲವು ದೇಶಗಳ ವಾಹನ ಪತ್ರಕರ್ತರು ಸೇರಿ ಇಪ್ಪತ್ತನೆಯ ಶತಮಾನದ ಶ್ರೇಷ್ಠ ಕಾರನ್ನು ಆರಿಸಿದರು. ಮೊದಲನೆಯ ಸ್ಥಾನ ಅಮೆರಿಕದ ಹೆನ್ರಿ ಫೋರ್ಡ್ ತಯಾರಿಸಿದ ಮಾಡೆಲ್ ಟಿ ಕಾರಿಗೆ ದೊರಕಿತು. ಎರಡನೆಯದು ಇಂಗ್ಲೆಂಡಿನ ಮಿನಿ, ಮೂರನೆಯದು ಫ್ರಾನ್ಸಿನ ಸಿಟ್ರೋಯೆನ್ ಡಿ.ಎಸ್., ನಾಲ್ಕನೆಯದು ಜರ್ಮನಿಯ ಫೋಕ್ಸ್‌ವ್ಯಾಗನ್ ಬೀಟಲ್, ಐದನೆಯದು ಅದೇ ದೇಶದ ಪೋರ್ಷೆ 911. ಮೊದಲ ಸ್ಥಾನ ಪಡೆದ ಕಾರು ಅತಿ ವೇಗದ್ದಲ್ಲ, ಅತಿ ಚೆಲುವಾದದ್ದೂ ಅಲ್ಲ ಎಂಬುದನ್ನು ನಾವು ಗಮನಿಸಬೇಕು. 1908ರಲ್ಲಿ 850 ಡಾಲರಿಗೆ ಮಾರಾಟಕ್ಕೆ ಬಂದ ಆ ಕಾರಿನ ಬೆಲೆ 1920ರ ದಶಕದಲ್ಲಿ 300 ಡಾಲರಿಗಿಂತ ಕೆಳಗಿಳಿಯಿತು. 1927ರವರೆಗೆ ಅಂತಹ ಒಂದೂವರೆ ಕೋಟಿ ಕಾರುಗಳು ತಯಾರಾದವು. ಅದನ್ನು ಕಟ್ಟಿದ ಕೂಲಿಯವನೂ ಅದನ್ನು ಕೊಳ್ಳುವಂತಾದನು. ಅದೇ ಅದರ ಹಿರಿಮೆ.

ಆ ಐದರಲ್ಲಿ ನಮ್ಮ ದೇಶದ ಕಾರು ಒಂದೂ ಇಲ್ಲ. ಏಕಿಲ್ಲ ಎಂದು ವಿಚಾರಿಸುತ್ತ ಹೋದರೆ ನಮ್ಮ ನಾಡಿನವರೇ ಆದ ಒಬ್ಬ ಮಹನೀಯರ ಜೀವನ ಎದುರಾಗುತ್ತದೆ. ಅವರೇ ಸರ್ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರು. ಕನ್ನಂಬಾಡಿಯ ಅಣೆಕಟ್ಟೆಯೊಡನೆ ಅವರ ಹೆಸರನ್ನು ಸೇರಿಸಿ ಹೇಳದ ಕನ್ನಡಿಗನಿಲ್ಲ. ಆದರೆ ಭಾರತದಲ್ಲಿಯೇ ಮೋಟಾರು ಕಾರು ತಯಾರಾಗಬೇಕೆಂದು ಅವರು ಪಟ್ಟ ಪಾಡನ್ನು ಬಲ್ಲವರು ಕಡಮೆ.

ವಿಶ್ವೇಶ್ವರಯ್ಯನವರು 1861ನೆಯ ಇಸವಿ ಸೆಪ್ಟೆಂಬರ್ 15ರಂದು ಚಿಕ್ಕಬಳ್ಳಾಪುರದ ಬಳಿಯ ಮುದ್ದೇನಹಳ್ಳಿಯಲ್ಲಿ ಜನಿಸಿದರು. ತಂದೆ ಶ್ರೀನಿವಾಸ ಶಾಸ್ತ್ರಿಗಳು ಸಂಸ್ಕೃತ ವಿದ್ವಾಂಸರು, ತಾಯಿ ವೆಂಕಟಲಕ್ಷ್ಮಮ್ಮನವರು. ಮನೆಯಲ್ಲಿ ವಿದ್ಯೆಗೆ ಬಡತನವಿರಲಿಲ್ಲ, ಹಣಕ್ಕೆ ಇತ್ತು. ಬಾಲ್ಯದಲ್ಲಿಯೇ ತಂದೆಯನ್ನು ಕಳೆದುಕೊಂಡ ಹುಡುಗ ಬೆಂಗಳೂರಿಗೆ ಬಂದು, ಸೋದರಮಾವನವರ ಆಸರೆಯಲ್ಲಿ ಓದಿ ಸೆಂಟ್ರಲ್ ಕಾಲೇಜು ಸೇರಿದನು. ಬೇರೆಯವರ ಮಕ್ಕಳಿಗೆ ಮನೆಪಾಠ ಹೇಳಿ ತನ್ನ ಓದಿನ ಖರ್ಚನ್ನು ತೂಗಿಸಿಕೊಂಡನು. 1881ರಲ್ಲಿ ಬಿ.ಎ. ಪದವಿ ಬಂದಿತು. ಮುಂದೆ ಮೈಸೂರು ಸರ್ಕಾರದ ವಿದ್ಯಾರ್ಥಿವೇತನ ಪಡೆದು ಪುಣೆಯ ವಿಜ್ಞಾನ ಕಾಲೇಜಿನಲ್ಲಿ ಎಂಜಿನಿಯರಿಂಗ್ ಓದಿ, 1883ರ ಪರೀಕ್ಷೆಯಲ್ಲಿ ಮೊದಲಿಗರಾಗಿ ತೇರ್ಗಡೆ ಹೊಂದಿದರು. ಆ ವಿದ್ಯಾರ್ಥಿವೇತನ ದೊರೆಯದಿದ್ದರೆ ನಮ್ಮ ನಾಡು ಏನನ್ನು ಕಳೆದುಕೊಳ್ಳುತ್ತಿತ್ತು ಎಂಬುದನ್ನು ಊಹಿಸಿದರೆ ಸಾಕು, ಬಡ ವಿದ್ಯಾರ್ಥಿಗೆ ಸರ್ಕಾರ ಕೊಡುವ ಹಣ ದಾನವಲ್ಲ, ಬಿತ್ತನೆ ಎಂಬುದು ತಿಳಿಯುತ್ತದೆ.

1884ರಲ್ಲಿ ಅವರು ಬೊಂಬಾಯಿ ಪ್ರಾಂತ್ಯದ ಲೋಕೋಪಯೋಗಿ ಇಲಾಖೆಯಲ್ಲಿ ಸಹಾಯಕ ಎಂಜಿನಿಯರಾಗಿ ಸೇರಿದರು. ಪ್ರವಾಹದ ನೀರು ಏರಿದಾಗ ತಾವಾಗಿಯೇ ತೆರೆದುಕೊಳ್ಳುವ, ಇಳಿದಾಗ ಮುಚ್ಚಿಕೊಳ್ಳುವ ಬಾಗಿಲುಗಳನ್ನು ರಚಿಸಿ ಪುಣೆಯ ಬಳಿಯ ಖಡಕ್‌ವಾಸ್ಲಾ ಜಲಾಶಯದಲ್ಲಿ ಅಳವಡಿಸಿದರು. 1908ರಲ್ಲಿ ಮೂಸಿ ನದಿಯ ಪ್ರವಾಹದಿಂದ ಹೈದರಾಬಾದು ಹಾಳಾದಾಗ ಆ ನಗರದ ರಕ್ಷಣೆಗೆ ಯೋಜನೆ ಹಾಕಿಕೊಟ್ಟರು. 1909ರಲ್ಲಿ ಮೈಸೂರಿನ ಮುಖ್ಯ ಎಂಜಿನಿಯರಾಗಿ ಬಂದು, 1912ರಲ್ಲಿ ದಿವಾನರಾದರು. ಅವರ ಆಡಳಿತದ ಆರು ವರ್ಷಗಳಲ್ಲಿ ಮೈಸೂರು ಬ್ಯಾಂಕು, ಕನ್ನಡ ಸಾಹಿತ್ಯ ಪರಿಷತ್ತು, ಮೈಸೂರು ವಿಶ್ವವಿದ್ಯಾನಿಲಯ, ಶ್ರೀಗಂಧದೆಣ್ಣೆಯ ಕಾರ್ಖಾನೆ ಹುಟ್ಟಿಕೊಂಡವು. ಪ್ರಾಥಮಿಕ ಶಿಕ್ಷಣವನ್ನು ಕಡ್ಡಾಯ ಮಾಡಲು 1913ರಲ್ಲಿ ಶಾಸನವೂ ಬಂದಿತು. ಇವೆಲ್ಲವೂ ಶಾಲಾ ಪುಸ್ತಕಗಳಲ್ಲಿ ಇರುವುದರಿಂದ ಇಲ್ಲಿ ವಿಸ್ತರಿಸುವುದಿಲ್ಲ.

ಆದರೆ ಅವರು ದಿವಾನಗಿರಿ ಬಿಟ್ಟ ಸಂದರ್ಭವನ್ನು ಹೇಳದೆ ಮುಂದೆ ಹೋಗುವಂತಿಲ್ಲ. ಆ ಕಾಲದಲ್ಲಿ ಸಂಸ್ಥಾನದ ಸರ್ಕಾರಿ ಹುದ್ದೆಗಳಲ್ಲಿ ಬಹುಪಾಲು ಬ್ರಾಹ್ಮಣರ ಕೈಯಲ್ಲಿದ್ದವು. ಇತರ ಸಮುದಾಯಗಳಿಗೂ ಅವುಗಳಲ್ಲಿ ಪಾಲು ದೊರೆಯಬೇಕೆಂಬ ಕೂಗು ಎದ್ದಿತು. ನಾಲ್ವಡಿ ಕೃಷ್ಣರಾಜ ಒಡೆಯರು 1918ರಲ್ಲಿ ಸರ್ ಲೆಸ್ಲಿ ಮಿಲ್ಲರ್ ಅವರ ಅಧ್ಯಕ್ಷತೆಯಲ್ಲಿ ಒಂದು ಸಮಿತಿಯನ್ನು ನೇಮಿಸಿದರು. ಹುದ್ದೆಗಳಿಗೆ ಯೋಗ್ಯತೆಯೊಂದೇ ಅಳತೆಯಾಗಬೇಕು, ಹಿಂದುಳಿದವರಿಗೆ ಮೊದಲು ವಿದ್ಯೆಯನ್ನು ಹರಡಬೇಕು ಎಂಬುದು ವಿಶ್ವೇಶ್ವರಯ್ಯನವರ ನಂಬಿಕೆಯಾಗಿತ್ತು. ಅಭಿಪ್ರಾಯಭೇದ ತೀರದೆ ಅವರು ಅದೇ ವರ್ಷದ ಕೊನೆಯಲ್ಲಿ ಅಧಿಕಾರದಿಂದ ದೂರ ಸರಿದರು. ರಾಜೀನಾಮೆ ಕೊಡಲು ಸರ್ಕಾರದ ಕಾರಿನಲ್ಲಿ ಹೋದವರು, ಹಿಂದಿರುಗುವಾಗ ತಮ್ಮ ಸ್ವಂತ ಕಾರಿನಲ್ಲಿ ಬಂದರೆಂದು ಹಿರಿಯರು ಇಂದಿಗೂ ಹೇಳುವುದುಂಟು.

ಸ್ವಂತ ಕಾರಿನ ಕತೆಯನ್ನು ಮೆಚ್ಚದವರಿಲ್ಲ, ನಾನೂ ಮೆಚ್ಚುತ್ತೇನೆ. ಆದರೂ ಅವರ ನಿಲುವಿನ ವಿಷಯದಲ್ಲಿ ನನ್ನ ಮನಸ್ಸು ಅವರ ಪಕ್ಷಕ್ಕೆ ಪೂರ್ತಿಯಾಗಿ ಒಲಿಯುವುದಿಲ್ಲ. ಕಾಫಿ ತೋಟದ ಕೂಲಿಯಿಂದ ಬದುಕಿದ ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿಗ. ಮಿಲ್ಲರ್ ಸಮಿತಿ ಅಂದು ತೋರಿಸಿದ ದಾರಿ ಮುಂದೆ ಅಗಲವಾದುದರಿಂದಲೇ ನನ್ನಂತಹವರಿಗೆ ಬೆಂಚಿನ ಮೇಲೆ ಜಾಗ ಸಿಕ್ಕಿತು. ವಿದ್ಯೆ ಮೊದಲು ಬರಲಿ, ಹುದ್ದೆ ಆಮೇಲೆ ಬರಲಿ ಎಂಬ ಮಾತು ನ್ಯಾಯವಾಗಿಯೇ ಕಾಣುತ್ತದೆ. ಆದರೆ ಹುದ್ದೆಯ ಆಸೆಯೇ ಇಲ್ಲದ ಮನೆಯವರು ಮಗನನ್ನು ತೋಟದ ಕೆಲಸದಿಂದ ಬಿಡಿಸಿ ಶಾಲೆಗೆ ಕಳುಹಿಸುವುದು ಹೇಗೆ? ದೊಡ್ಡವರನ್ನು ಗೌರವಿಸುವುದೆಂದರೆ ಅವರ ಪ್ರತಿಯೊಂದು ಅಭಿಪ್ರಾಯಕ್ಕೂ ತಲೆದೂಗುವುದಲ್ಲವೆಂದು ನಾನು ತಿಳಿದಿದ್ದೇನೆ.

ಅಧಿಕಾರ ಬಿಟ್ಟ ಮೇಲೆ ಅವರ ಬಾಳಿನ ಇನ್ನೊಂದು ಅಧ್ಯಾಯ ಮೊದಲಾಯಿತು. ಅವರ ಕಾಲದಲ್ಲಿಯೇ ಯೋಜಿಸಿದ್ದ ಭದ್ರಾವತಿಯ ಕಬ್ಬಿಣದ ಕಾರ್ಖಾನೆ 1923ರಲ್ಲಿ ಕಬ್ಬಿಣವನ್ನು ಕೊಡತೊಡಗಿತು. ಅದಕ್ಕೆ ಬೇಕಾದ ಅದಿರು ಬಂದದ್ದು ನಮ್ಮ ಜಿಲ್ಲೆಯ ಬಾಬಾಬುಡನ್ ಗಿರಿಶ್ರೇಣಿಯ ಕೆಮ್ಮಣ್ಣುಗುಂಡಿಯಿಂದ. ಬೆಟ್ಟದ ಮೇಲಿಂದ ಕೆಳಕ್ಕೆ ಹಗ್ಗದ ದಾರಿಯಲ್ಲಿ ತೊಟ್ಟಿಲುಗಳು ಅದಿರನ್ನು ಇಳಿಸುತ್ತಿದ್ದವು. ಕುಲುಮೆ ಉರಿದದ್ದು ಮಲೆನಾಡಿನ ಕಾಡಿನ ಇದ್ದಿಲಿನಿಂದ. ಆರಂಭದಲ್ಲಿ ನಷ್ಟವಾಗಿ, ಇದೊಂದು ಬಿಳಿಯಾನೆ ಎಂದು ಜನ ಆಡಿಕೊಂಡರು. ಆಗ ವಿಶ್ವೇಶ್ವರಯ್ಯನವರೇ ಆಡಳಿತ ಮಂಡಲಿಯ ಅಧ್ಯಕ್ಷರಾಗಿ 1929ರವರೆಗೆ ದುಡಿದು ಕಾರ್ಖಾನೆಯನ್ನು ದಡ ಹತ್ತಿಸಿದರು. ತಮಗೆ ಬರಬೇಕಾಗಿದ್ದ ಸಂಭಾವನೆಯನ್ನು ಬೆಂಗಳೂರಿನಲ್ಲಿ ಕೈಗಾರಿಕಾ ಶಿಕ್ಷಣ ಸಂಸ್ಥೆಯೊಂದಕ್ಕೆ ಬಿಟ್ಟುಕೊಟ್ಟರು. ಬೆಟ್ಟದ ಕೆಮ್ಮಣ್ಣನ್ನು ಕಬ್ಬಿಣ ಮಾಡಿದ ಮೇಲೆ ಅವರಿಗೆ ಮುಂದಿನ ಹೆಜ್ಜೆ ಸಹಜವಾಗಿಯೇ ತೋರಿತು. ಕಬ್ಬಿಣವುಳ್ಳ ನಾಡು ಯಂತ್ರವನ್ನೂ ಮಾಡಬೇಕು.

1934ರಲ್ಲಿ ಅವರು ಭಾರತಕ್ಕೆ ಯೋಜಿತ ಅರ್ಥವ್ಯವಸ್ಥೆ ಬೇಕೆಂಬುದನ್ನು ಕುರಿತು ಇಂಗ್ಲಿಷಿನಲ್ಲಿ ಒಂದು ಗ್ರಂಥ ಬರೆದರು. ದೇಶ ಬಡತನದಿಂದ ಏಳಬೇಕಾದರೆ ಬೇಸಾಯವನ್ನಷ್ಟೇ ನೆಚ್ಚಿದರೆ ಸಾಲದು, ಕೈಗಾರಿಕೆ ಬೆಳೆಯಬೇಕು ಎಂಬುದು ಅದರ ತಿರುಳು. ಆಗ ನಮ್ಮ ದೇಶದಲ್ಲಿ ಓಡಾಡುತ್ತಿದ್ದ ಕಾರು, ಲಾರಿಗಳೆಲ್ಲ ಪರದೇಶದವು. ಬಿಡಿಭಾಗಗಳನ್ನು ಹಡಗಿನಲ್ಲಿ ತರಿಸಿ ಇಲ್ಲಿ ಜೋಡಿಸುವುದಷ್ಟೇ ನಡೆಯುತ್ತಿತ್ತು. 1935ರಲ್ಲಿ, ಎಪ್ಪತ್ತನಾಲ್ಕರ ವಯಸ್ಸಿನಲ್ಲಿ, ವಿಶ್ವೇಶ್ವರಯ್ಯನವರು ಯೂರೋಪಿಗೂ ಅಮೆರಿಕಕ್ಕೂ ಹೋಗಿ ಮೋಟಾರು ಕಾರ್ಖಾನೆಗಳನ್ನು ಕಣ್ಣಾರೆ ಕಂಡು ಬಂದರು. ಆ ವಯಸ್ಸಿನಲ್ಲಿ ನಮ್ಮ ಹಿರಿಯರು ಕಾಶಿಯಾತ್ರೆಯ ಮಾತಾಡುತ್ತಾರೆ. ಈ ಹಿರಿಯರು ಯಂತ್ರಗಳ ಯಾತ್ರೆಗೆ ಹೊರಟರು.

ಅವರು ನೋಡಿದ ಆ ದೇಶದಲ್ಲಿ ಫೋರ್ಡನ ರೀತಿ ಬೇರೂರಿ ಇಪ್ಪತ್ತು ವರ್ಷಗಳಾಗಿದ್ದವು. ಮೊದಲು ಕಾರು ನಿಂತಲ್ಲಿಯೇ ನಿಂತಿರುತ್ತಿತ್ತು. ಕೆಲಸಗಾರರು ಅದರ ಸುತ್ತ ಓಡಾಡಿ ಕಟ್ಟುತ್ತಿದ್ದರು. 1913ರಲ್ಲಿ ಫೋರ್ಡನು ಇದನ್ನು ತಿರುವುಮುರುವು ಮಾಡಿದನು. ಕೆಲಸಗಾರ ನಿಂತಲ್ಲಿಯೇ ನಿಂತನು, ಕಾರಿನ ಚೌಕಟ್ಟು ಅವನ ಮುಂದೆ ಸರಿಯತೊಡಗಿತು. ಒಬ್ಬೊಬ್ಬನಿಗೂ ಒಂದೊಂದೇ ಕೆಲಸ. ಹನ್ನೆರಡು ಗಂಟೆಗೂ ಹೆಚ್ಚು ಹಿಡಿಯುತ್ತಿದ್ದ ಚೌಕಟ್ಟಿನ ಜೋಡಣೆ ಸುಮಾರು ಒಂದೂವರೆ ಗಂಟೆಯಲ್ಲಿ ಮುಗಿಯಿತು. ಕೆಲಸ ಬೇಸರದ್ದಾಯಿತು ನಿಜ. ಜನ ನಿಲ್ಲದೆ ಓಡಿಹೋಗುತ್ತಿದ್ದರು. ಆದ್ದರಿಂದಲೇ 1914ರಲ್ಲಿ ಅವನು ದಿನಗೂಲಿಯನ್ನು ಐದು ಡಾಲರಿಗೆ ಏರಿಸಬೇಕಾಯಿತು.

ವಿಶ್ವೇಶ್ವರಯ್ಯನವರಿಗೆ ಕಾರು ಷೋಕಿಯ ವಸ್ತುವಾಗಿರಲಿಲ್ಲ. ಒಂದು ಕಾರಿಗೆ ಉಕ್ಕು ಬೇಕು, ರಬ್ಬರು ಬೇಕು, ಗಾಜು, ಚರ್ಮ, ಬಣ್ಣ, ವಿದ್ಯುತ್ ಸಾಮಾನು ಬೇಕು. ಒಂದು ಮೋಟಾರು ಕಾರ್ಖಾನೆ ನಿಂತರೆ ಅದರ ಸುತ್ತ ಹತ್ತಾರು ಸಣ್ಣ ಕಾರ್ಖಾನೆಗಳು, ತಾಯಿಕೋಳಿಯ ಸುತ್ತ ಮರಿಗಳಂತೆ, ಹುಟ್ಟಿಕೊಳ್ಳುತ್ತವೆ. ಹಳ್ಳಿಯ ಕಮ್ಮಾರನ ಮಗ ಅಲ್ಲಿ ಕುಶಲಕರ್ಮಿಯಾಗುತ್ತಾನೆ. ಲಾರಿಗಳು ಹೆಚ್ಚಿದರೆ ರೈತನ ಬೆಳೆ ಪೇಟೆ ಸೇರುತ್ತದೆ. ಈ ದೃಷ್ಟಿಯಿಂದ ಅವರು ದೇಶಕ್ಕೆ ಮರಳಿ ಬಂದವರೇ ಬೊಂಬಾಯಿಯಲ್ಲಿ ಕಾರ್ಖಾನೆ ಸ್ಥಾಪಿಸಲು ವಿವರವಾದ ಯೋಜನೆಯನ್ನು ಸಿದ್ಧಪಡಿಸಿದರು. ಉದ್ಯಮಿ ವಾಲಚಂದ್ ಹೀರಾಚಂದರು ಈ ಕೆಲಸಕ್ಕೆ ಹೆಗಲು ಕೊಟ್ಟು, ಅಮೆರಿಕಕ್ಕೆ ಹೋಗಿ ಕ್ರೈಸ್ಲರ್ ಕಂಪನಿಯೊಡನೆ ಮಾತುಕತೆ ನಡೆಸಿದರು. ಕಾರ್ಖಾನೆಯನ್ನು ಬೆಂಗಳೂರಿನಲ್ಲಿ ತೆರೆಯಬಹುದೆಂಬ ವಿಚಾರ ಬಂದಾಗ ಮೈಸೂರು ಸರ್ಕಾರವೂ ದಿವಾನ ಮಿರ್ಜಾ ಇಸ್ಮಾಯಿಲರೂ ನೆರವಿಗೆ ಮುಂದಾದರು.

ಇಷ್ಟಾದರೂ ಕಾರು ಹೊರಬರಲಿಲ್ಲ. ಎರಡನೆಯ ಮಹಾಯುದ್ಧ ಆರಂಭವಾಗಿತ್ತು. ಯುದ್ಧಕಾಲದಲ್ಲಿ ಇಂತಹ ಕಾರ್ಖಾನೆ ಸಲ್ಲದೆಂದು ಬ್ರಿಟಿಷ್ ಸರ್ಕಾರ ಅಡ್ಡಿ ಮಾಡಿತು. ಸಂಸ್ಥಾನಕ್ಕೆ ತನ್ನ ಹಣವನ್ನು ತನ್ನ ನೆಲದಲ್ಲಿ ಹೂಡುವ ಸ್ವಾತಂತ್ರ್ಯವೂ ಇಲ್ಲದಾಯಿತು. ತಮ್ಮ ದೇಶದ ಕಾರುಗಳಿಗೆ ಇಲ್ಲಿದ್ದ ಪೇಟೆ ಕೈಬಿಡಬಾರದೆಂಬ ಚಿಂತೆಯೂ ಆಳುವವರಿಗೆ ಇದ್ದಿರಬೇಕು.

ವಿಧಿಯ ವಿಚಿತ್ರವೆಂದರೆ, ಕಾರಿಗೆ ಒಪ್ಪದ ಬೆಂಗಳೂರಿನಲ್ಲಿ ವಿಮಾನ ಹುಟ್ಟಿತು. ಯುದ್ಧಕ್ಕೆ ವಿಮಾನ ಬೇಕಾದ್ದರಿಂದ ಅಡ್ಡಿ ಬರಲಿಲ್ಲ. 1940ರ ಡಿಸೆಂಬರಿನಲ್ಲಿ ವಾಲಚಂದರೂ ಮೈಸೂರು ಸರ್ಕಾರವೂ ಸೇರಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಂಪನಿಯನ್ನು ಸ್ಥಾಪಿಸಿದರು. ವಾಲಚಂದರ ಕಾರಿನ ಕಂಪನಿ ಪ್ರೀಮಿಯರ್ ಎಂಬ ಹೆಸರಿನಲ್ಲಿ 1944ರಲ್ಲಿ ಬೊಂಬಾಯಿಯಲ್ಲಿ ಆರಂಭವಾಯಿತು. ಅದಕ್ಕೆ ಎರಡು ವರ್ಷ ಮೊದಲೇ, 1942ರಲ್ಲಿ, ಬಿರ್ಲಾ ಮನೆತನದ ಹಿಂದೂಸ್ತಾನ್ ಮೋಟಾರ್ಸ್ ಹುಟ್ಟಿತ್ತು. ಮುಂದೆ ಅವರ ಕಾರ್ಖಾನೆಯಿಂದ ಬಂದ ಅಂಬಾಸಡರ್ ಕಾರು 1950ರ ದಶಕದ ಕೊನೆಯಿಂದ 2014ರವರೆಗೆ ತಯಾರಾಯಿತು; ಅದರ ಮೂಲ ಇಂಗ್ಲೆಂಡಿನ ಮೋರಿಸ್ ಆಕ್ಸ್‌ಫರ್ಡ್ ಕಾರು. ವಿಶ್ವೇಶ್ವರಯ್ಯನವರು ಬಯಸಿದ ವರ್ಷಗಳಲ್ಲಿಯೇ ಇಲ್ಲಿ ಕಾರ್ಖಾನೆ ನಿಂತು ನಮ್ಮ ಎಂಜಿನಿಯರುಗಳು ಪಳಗಿದ್ದರೆ, ಮುಂದೆ ಬೀಟಲಿನ ಪಕ್ಕದಲ್ಲಿ ನಿಲ್ಲುವಂತಹ ಕಾರೊಂದನ್ನು ಅವರು ಕಟ್ಟುತ್ತಿದ್ದರೋ ಏನೋ.

ವಿಶ್ವೇಶ್ವರಯ್ಯನವರು ಇದರಿಂದ ಎದೆಗುಂದಿ ಮೂಲೆ ಸೇರಲಿಲ್ಲ. ಕೈಗಾರಿಕೆ ಹಳ್ಳಿಹಳ್ಳಿಗೂ ಹೋಗಬೇಕೆಂದು ಯೋಜನೆ ಹಾಕುತ್ತಲೇ ಇದ್ದರು. ತೊಂಬತ್ತು ದಾಟಿದ ಮೇಲೂ ಅಚ್ಚುಕಟ್ಟಾದ ಉಡುಪು, ಮೈಸೂರು ಪೇಟ, ಗಡಿಯಾರದಂತಹ ದಿನಚರಿ ಅವರನ್ನು ಬಿಡಲಿಲ್ಲ. 1955ರಲ್ಲಿ ಭಾರತರತ್ನ ಪ್ರಶಸ್ತಿ ಬಂದಿತು. 1962ರ ಏಪ್ರಿಲ್ ತಿಂಗಳಲ್ಲಿ, ನೂರು ತುಂಬಿದ ಮೇಲೆ, ಅವರು ಇಹಲೋಕವನ್ನು ಬಿಟ್ಟರು. ಬೆಂಗಳೂರಿನ ಬಳಿಯ ಬಿಡದಿಯಲ್ಲಿ 1999ರಲ್ಲಿ ಜಪಾನಿನ ಟೊಯೋಟ ಕಾರ್ಖಾನೆ ಆರಂಭವಾದುದನ್ನೂ, 2001ರಲ್ಲಿ ಬೆಂಗಳೂರಿನವರೇ ರೇವಾ ಎಂಬ ಪುಟ್ಟ ವಿದ್ಯುತ್ ಕಾರನ್ನು ಹೊರತಂದುದನ್ನೂ ನೋಡಲು ಅವರಿರಲಿಲ್ಲ.

ಈಗ ಮೊದಲಿನ ಚರ್ಚೆಗೆ ಬರೋಣ. ಶ್ರೇಷ್ಠ ಕಾರು ಯಾವುದು? ನಮ್ಮ ಮಲೆನಾಡಿನವರನ್ನು ಕೇಳಿದರೆ, ಜೀಪು ಎಂಬ ಉತ್ತರ ಬರುತ್ತದೆ. 1940ರ ದಶಕದಲ್ಲಿ ಯುದ್ಧಕ್ಕೆಂದು ಹುಟ್ಟಿದ ಆ ಗಾಡಿ, ಯುದ್ಧ ಮುಗಿದ ಮೇಲೆ ಕಳಸ, ಮೂಡಿಗೆರೆ, ಆಲ್ದೂರಿನ ಕಡೆ ತೋಟದ ಗಾಡಿಯಾಯಿತು. ಆಷಾಢದ ಮಳೆಯಲ್ಲಿ ಕೆಸರು ಮೊಳಕಾಲುದ್ದ ಇರುವಾಗ ಕಾಫಿ ಮೂಟೆಯನ್ನೂ ಹೆರಿಗೆ ನೋವಿನ ಹೆಂಗಸನ್ನೂ ಒಂದೇ ನಿಷ್ಠೆಯಿಂದ ಹೊರುವ ಗಾಡಿಗೆ ಯಾವ ತೀರ್ಪುಗಾರರ ಅಂಕವೂ ಬೇಕಾಗಿಲ್ಲ. ಮಾಡೆಲ್ ಟಿ, ಬೀಟಲ್, ಮಿನಿ, ಜೀಪು, ಈ ನಾಲ್ಕನ್ನೂ ನಾನು ಶ್ರೇಷ್ಠವೆನ್ನುತ್ತೇನೆ. ಅದುವರೆಗೆ ನಡೆದೇ ಹೋಗುತ್ತಿದ್ದವರಿಗೆ ಇವು ಕೂರಲು ಜಾಗ ಕೊಟ್ಟವು. ರೋಲ್ಸ್ ರಾಯ್ಸ್ ಕುಳಿತಿದ್ದವರನ್ನೇ ಇನ್ನಷ್ಟು ಸುಖವಾಗಿ ಕೂರಿಸಿತು.

ಎಷ್ಟು ಜನರಿಗೆ ಜಾಗ ಕೊಟ್ಟಿತು, ಎಷ್ಟು ಜನರಿಗೆ ಕೆಲಸ ಕೊಟ್ಟಿತು ಎಂಬುದೇ ಕಾರಿನ ಅಳತೆಯಾಗಬೇಕೆಂಬುದನ್ನು ನಾನು ಕಲಿತದ್ದು ವಿಶ್ವೇಶ್ವರಯ್ಯನವರ ಯೋಜನೆಯಿಂದಲೇ. ಅದೇ ಅಳತೆಯನ್ನು ಅವರು 1918ರಲ್ಲಿ ಕಚೇರಿಯ ಕುರ್ಚಿಗಳಿಗೂ ಹಿಡಿದಿದ್ದರೆ ಎಂದು ಮನಸ್ಸು ಹಂಬಲಿಸುತ್ತದೆ. ಆದರೂ ನಮ್ಮ ಬೆಟ್ಟದ ಮಣ್ಣಿನಿಂದ ಕಬ್ಬಿಣವನ್ನೂ ಆ ಕಬ್ಬಿಣದ ನಾಡಿನಲ್ಲಿ ಕಾರನ್ನೂ ಕಂಡ ಕಣ್ಣು ಅವರದು. ಪದವಿ ಪಡೆದು ಹೊರಡುತ್ತಿರುವ ನಾವು ಯಾವ ಕಾರನ್ನು ಕೊಳ್ಳಬೇಕೆಂದು ಚರ್ಚಿಸುವುದರ ಜೊತೆಗೆ, ಏನನ್ನು ಕಟ್ಟಬೇಕು, ಅದರಲ್ಲಿ ಯಾರಿಗೆಲ್ಲ ಜಾಗವಿರಬೇಕು ಎಂಬುದನ್ನೂ ಚರ್ಚಿಸಿದರೆ ಆ ಹಿರಿಯ ಚೇತನಕ್ಕೆ ನಾವು ಸಲ್ಲಿಸುವ ಗೌರವ ಸಾರ್ಥಕವಾದೀತು.