ಎಲ್ವಿನ್ ಎ. ಕ್ಯಾಬಟ್

ಎಲ್ವಿನ್ ಎ. ಕ್ಯಾಬಟ್ (ಸೆಪ್ಟೆಂಬರ್ 1, 1914 – ಜೂನ್ 16, 2000) ಅಮೆರಿಕದ ಪ್ರತಿರಕ್ಷಾ ವಿಜ್ಞಾನಿ. ಮಲ್ಟಿಪಲ್ ಸ್ಕ್ಲೆರೋಸಿಸ್ ಕಾಯಿಲೆಯಲ್ಲಿ ಮಿದುಳು ಮತ್ತು ಬೆನ್ನುಹುರಿಯನ್ನು ಆವರಿಸಿರುವ ದ್ರವದಲ್ಲಿ ಪ್ರತಿಕಾಯಗಳ ಪ್ರಮಾಣ ಹೆಚ್ಚುತ್ತದೆಂಬುದನ್ನು ಅಳೆದು ತೋರಿಸಿದವರಲ್ಲಿ ಪ್ರಮುಖರು.

ಜನನ ಮತ್ತು ವಿದ್ಯಾಭ್ಯಾಸ

ಕ್ಯಾಬಟ್ ನ್ಯೂಯಾರ್ಕಿನಲ್ಲಿ ಜನಿಸಿದರು. ಆರ್ಥಿಕ ಕುಸಿತದ ಕಾಲದಲ್ಲಿ ಕುಟುಂಬ ಕಷ್ಟಕ್ಕೆ ಸಿಲುಕಿದ್ದರಿಂದ, 1933ರಲ್ಲಿ ಮೈಕೇಲ್ ಹೈಡೆಲ್‌ಬರ್ಗರ್ ಅವರ ಪ್ರಯೋಗಾಲಯದಲ್ಲಿ ಸಹಾಯಕರಾಗಿ ಸೇರಿ, ದುಡಿಯುತ್ತಲೇ ಓದಿ 1937ರಲ್ಲಿ ಕೊಲಂಬಿಯಾ ವಿಶ್ವವಿದ್ಯಾನಿಲಯದಿಂದ ಡಾಕ್ಟರೇಟ್ ಪಡೆದರು. ಅನಂತರ ಸ್ವೀಡನ್ನಿನ ಉಪ್ಸಾಲಾಕ್ಕೆ ತೆರಳಿ ಆರ್ನೆ ಟಿಸೇಲಿಯಸ್ ಅವರೊಂದಿಗೆ ಕೆಲಸ ಮಾಡಿದರು. ವಿದ್ಯುತ್ ಕ್ಷೇತ್ರದಲ್ಲಿ ಪ್ರೋಟೀನುಗಳನ್ನು ಬೇರ್ಪಡಿಸುವ ಎಲೆಕ್ಟ್ರೋಫೋರೆಸಿಸ್ ವಿಧಾನದಿಂದ, ಪ್ರತಿಕಾಯಗಳು ರಕ್ತದ ಗಾಮಾ ಗ್ಲಾಬ್ಯುಲಿನ್ ಭಾಗದಲ್ಲಿವೆಯೆಂದು ಇಬ್ಬರೂ 1939ರಲ್ಲಿ ಪ್ರಕಟಿಸಿದರು.

ಸಂಶೋಧನೆ

1941ರಲ್ಲಿ ಕೊಲಂಬಿಯಾಕ್ಕೆ ಮರಳಿದ ಕ್ಯಾಬಟ್ ಇದೇ ವಿಧಾನವನ್ನು ಬೆನ್ನುಹುರಿಯ ದ್ರವಕ್ಕೆ ಅನ್ವಯಿಸಿದರು. 1942ರ ಅಧ್ಯಯನದಲ್ಲಿ ಕೆಲವು ಮಲ್ಟಿಪಲ್ ಸ್ಕ್ಲೆರೋಸಿಸ್ ರೋಗಿಗಳ ದ್ರವದಲ್ಲಿ ಗಾಮಾ ಗ್ಲಾಬ್ಯುಲಿನ್ ಅಧಿಕವಾಗಿತ್ತು. ಈ ಹೆಚ್ಚಳ ರಕ್ತದಿಂದ ಸೋರಿ ಬಂದದ್ದಲ್ಲ, ನರವ್ಯೂಹದೊಳಗೇ ಉತ್ಪತ್ತಿಯಾಗಿರಬಹುದೆಂಬ ಸೂಚನೆ ಅಲ್ಲಿತ್ತು. ಎಲೆಕ್ಟ್ರೋಫೋರೆಸಿಸ್‌ಗೆ ಬಹಳಷ್ಟು ದ್ರವ ಬೇಕಾಗುತ್ತಿದ್ದುದರಿಂದ, 1948ರಲ್ಲಿ ಸಹೋದ್ಯೋಗಿಗಳೊಡನೆ ಸ್ವಲ್ಪವೇ ದ್ರವದಲ್ಲಿ ಅಳೆಯಬಲ್ಲ ಪ್ರತಿರಕ್ಷಾ-ರಾಸಾಯನಿಕ ವಿಧಾನವನ್ನು ರೂಪಿಸಿದರು. 1947ರಲ್ಲಿ ಕೋತಿಗಳಲ್ಲಿ ಮಿದುಳಿನ ಅಂಗಾಂಶವನ್ನು ಬಳಸಿ ನರಪೊರೆ ನಾಶವಾಗುವ ರೋಗವನ್ನು ಉಂಟುಮಾಡಿ ಅಭ್ಯಸಿಸಿದ್ದರು.

ಸಂಕಷ್ಟ ಮತ್ತು ಗೌರವ

1950ರ ದಶಕದಲ್ಲಿ ರಾಜಕೀಯ ಸಂಶಯಕ್ಕೆ ಗುರಿಯಾಗಿ ಅವರಿಗೆ ಸರ್ಕಾರಿ ಆರೋಗ್ಯ ಸಂಸ್ಥೆಯ ಅನುದಾನ ನಿಂತಿತು. ಪಾಸ್‌ಪೋರ್ಟ್ ಕೂಡ ನಿರಾಕರಿಸಲ್ಪಟ್ಟಿತು. ಆದರೂ ಅವರು ಸಂಶೋಧನೆಯನ್ನು ಬಿಡಲಿಲ್ಲ. 1970ರಲ್ಲಿ ತೈ ತೆ ವೂ ಅವರೊಡನೆ ಪ್ರತಿಕಾಯದ ಯಾವ ಭಾಗಗಳು ಹೆಚ್ಚು ಬದಲಾಗುತ್ತವೆಂದು ಗುರುತಿಸಿದರು. 1991ರಲ್ಲಿ ಅಮೆರಿಕದ ರಾಷ್ಟ್ರೀಯ ವಿಜ್ಞಾನ ಪದಕ ಪಡೆದರು.

ಪರಿಣಾಮ

ಮುಂದೆ ಇದೇ ದಾರಿಯಲ್ಲಿ ನಡೆದ ಸಂಶೋಧಕರು ದ್ರವದ ಪ್ರತಿಕಾಯಗಳು ಪ್ರತ್ಯೇಕ ಪಟ್ಟಿಗಳಾಗಿ ಕಾಣುವುದನ್ನು ಕಂಡರು. ಇವೇ ಆಲಿಗೋಕ್ಲೋನಲ್ ಪಟ್ಟಿಗಳು. ರಕ್ತದಲ್ಲಿಲ್ಲದೆ ದ್ರವದಲ್ಲಷ್ಟೇ ಇರುವ ಪಟ್ಟಿಗಳಿಗೆ 2017ರ ಮ್ಯಾಕ್‌ಡೊನಾಲ್ಡ್ ಮಾನದಂಡಗಳಲ್ಲಿ ಸ್ಥಾನ ದೊರೆತಿದೆ. ಆದರೆ ಸೋಂಕು ಮೊದಲಾದ ಇತರ ನರರೋಗಗಳಲ್ಲಿಯೂ ಇವು ಕಾಣಬಹುದು. ಕೆಲವು ಮಲ್ಟಿಪಲ್ ಸ್ಕ್ಲೆರೋಸಿಸ್ ರೋಗಿಗಳಲ್ಲಿ ಕಾಣದೆಯೂ ಇರಬಹುದು. ಆದ್ದರಿಂದ ರೋಗಲಕ್ಷಣ ಹಾಗೂ ಎಂ.ಆರ್.ಐ. ಚಿತ್ರಗಳೊಂದಿಗೆ ಹೋಲಿಸಿಯೇ ವೈದ್ಯರು ನಿರ್ಧಾರಕ್ಕೆ ಬರುತ್ತಾರೆ.