ಗ್ರೇಸ್ ಹಾಪರ್

ಗ್ರೇಸ್ ಬ್ರೂಸ್ಟರ್ ಮರ್ರೆ ಹಾಪರ್ (9 ಡಿಸೆಂಬರ್ 1906 – 1 ಜನವರಿ 1992) ಅಮೆರಿಕದ ಗಣಿತಜ್ಞೆ, ಗಣಕ ವಿಜ್ಞಾನಿ ಹಾಗೂ ನೌಕಾಪಡೆಯ ಅಧಿಕಾರಿ. ಕಂಪೈಲರ್ ತಂತ್ರಾಂಶದ ಆದ್ಯ ಪ್ರವರ್ತಕರಲ್ಲಿ ಇವರೂ ಒಬ್ಬರು. ಒಂದೇ ಪ್ರೋಗ್ರಾಮ್ ಬೇರೆ ಬೇರೆ ತಯಾರಕರ ಗಣಕಯಂತ್ರಗಳಲ್ಲಿ ನಡೆಯುವಂತೆ ಮಾಡುವ ಕಾರ್ಯದಲ್ಲಿ ಇವರ ಪಾತ್ರ ಮಹತ್ವದ್ದಾಗಿದೆ.

ಜನನ ಮತ್ತು ಶಿಕ್ಷಣ

ಹಾಪರ್ ಅವರು ನ್ಯೂಯಾರ್ಕ್ ನಗರದಲ್ಲಿ ಜನಿಸಿದರು. 1928ರಲ್ಲಿ ವಾಸರ್ ಕಾಲೇಜಿನಿಂದ ಗಣಿತ ಮತ್ತು ಭೌತಶಾಸ್ತ್ರದಲ್ಲಿ ಪದವಿ ಪಡೆದರು. 1934ರಲ್ಲಿ ಯೇಲ್ ವಿಶ್ವವಿದ್ಯಾಲಯದಿಂದ ಗಣಿತದಲ್ಲಿ ಡಾಕ್ಟರೇಟ್ ಗಳಿಸಿದರು. 1931ರಿಂದ ವಾಸರ್ ಕಾಲೇಜಿನಲ್ಲಿ ಅಧ್ಯಾಪಕರಾಗಿದ್ದ ಅವರು ಎರಡನೆಯ ಮಹಾಯುದ್ಧದ ಸಮಯದಲ್ಲಿ ನೌಕಾಪಡೆಯ ಮೀಸಲು ದಳವನ್ನು ಸೇರಿದರು. 1944ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಹೊವಾರ್ಡ್ ಐಕೆನ್ ಅವರ ನೇತೃತ್ವದ ಮಾರ್ಕ್ 1 ಗಣಕಯಂತ್ರದ ತಂಡಕ್ಕೆ ನಿಯುಕ್ತರಾದರು.

ಕಂಪೈಲರ್ ಮತ್ತು ಕೋಬಾಲ್

ಆ ಕಾಲದಲ್ಲಿ ಪ್ರತಿಯೊಂದು ಯಂತ್ರಕ್ಕೂ ಅದರದೇ ಸಂಕೇತಗಳಲ್ಲಿ ಆದೇಶಗಳನ್ನು ಬರೆಯಬೇಕಿತ್ತು. ಯಂತ್ರ ಬದಲಾದರೆ ಪ್ರೋಗ್ರಾಮನ್ನು ಮೊದಲಿನಿಂದ ಬರೆಯುವುದು ಅನಿವಾರ್ಯವಾಗಿತ್ತು. 1949ರಲ್ಲಿ ಎಕರ್ಟ್–ಮಾಕ್ಲಿ ಸಂಸ್ಥೆಯನ್ನು ಸೇರಿದ ಹಾಪರ್ ಅವರು 1952ರ ವೇಳೆಗೆ ಯೂನಿವ್ಯಾಕ್ ಯಂತ್ರಕ್ಕಾಗಿ ಎ-0 ಎಂಬ ವ್ಯವಸ್ಥೆಯನ್ನು ಸಿದ್ಧಪಡಿಸಿದರು. ಟೇಪಿನಲ್ಲಿ ಸಂಗ್ರಹಿಸಿದ್ದ ಉಪಕ್ರಮಗಳನ್ನು ಅವುಗಳ ಸಂಖ್ಯೆಯ ಆಧಾರದಲ್ಲಿ ಆರಿಸಿ ಜೋಡಿಸುವುದು ಇದರ ಕೆಲಸವಾಗಿತ್ತು. ನಂತರ ರೂಪುಗೊಂಡ ಫ್ಲೋ-ಮ್ಯಾಟಿಕ್ ಭಾಷೆಯು ವ್ಯವಹಾರದ ಲೆಕ್ಕಗಳನ್ನು ಇಂಗ್ಲಿಷ್ ಪದಗಳಲ್ಲಿ ಬರೆಯುವ ಅವಕಾಶ ನೀಡಿತು.

1959ರಲ್ಲಿ ಎಲ್ಲ ಯಂತ್ರಗಳಿಗೂ ಸಲ್ಲುವ ವ್ಯವಹಾರ ಭಾಷೆಯೊಂದನ್ನು ರೂಪಿಸಲು ಕೋಡಾಸಿಲ್ ಸಂಘಟನೆ ಆರಂಭವಾಯಿತು. ಅದರ ಸಮಿತಿಯು ರಚಿಸಿದ ಭಾಷೆಯೇ ಕೋಬಾಲ್. ಹಾಪರ್ ಅವರನ್ನು ಕೋಬಾಲ್‌ನ ಕರ್ತೃ ಎಂದು ಕರೆಯುವುದುಂಟು. ವಾಸ್ತವದಲ್ಲಿ ಅವರು ತಾಂತ್ರಿಕ ಸಲಹೆಗಾರರಾಗಿದ್ದರು. ಆದರೆ ಭಾಷೆಯ ರಚನೆಯ ಮೇಲೆ ಫ್ಲೋ-ಮ್ಯಾಟಿಕ್‌ನ ಪ್ರಭಾವ ಗಾಢವಾಗಿತ್ತು. 1960ರ ಡಿಸೆಂಬರ್‌ನಲ್ಲಿ ಒಂದೇ ಕೋಬಾಲ್ ಪ್ರೋಗ್ರಾಮನ್ನು ಅಲ್ಪ ಬದಲಾವಣೆಗಳೊಂದಿಗೆ ಯೂನಿವ್ಯಾಕ್ 2 ಮತ್ತು ಆರ್‌ಸಿಎ 501 ಯಂತ್ರಗಳೆರಡರಲ್ಲೂ ನಡೆಸಿ ತೋರಿಸಲಾಯಿತು.

ಕಂಪೈಲರ್‌ಗಳ ಪರೀಕ್ಷೆ

ಭಾಷೆ ಒಂದೇ ಆದರೂ ತಯಾರಕರು ತಮ್ಮ ಕಂಪೈಲರ್‌ಗಳಲ್ಲಿ ಕೆಲವು ಅಂಶಗಳನ್ನು ಸೇರಿಸುತ್ತಿದ್ದರು, ಕೆಲವನ್ನು ಬಿಡುತ್ತಿದ್ದರು. ಇದರಿಂದ ಕೋಬಾಲ್‌ನಲ್ಲಿ ಹಲವು ಪ್ರಭೇದಗಳು ಉಂಟಾಗಿ, ಭಾಷೆಯ ಮೂಲ ಉದ್ದೇಶಕ್ಕೇ ಧಕ್ಕೆಯಾಗುವ ಸ್ಥಿತಿ ಒದಗಿತು. 1966ರ ಕೊನೆಯಲ್ಲಿ ನಿವೃತ್ತರಾಗಿದ್ದ ಹಾಪರ್ ಅವರನ್ನು ನೌಕಾಪಡೆಯು 1967ರಲ್ಲಿ ಆರು ತಿಂಗಳ ಅವಧಿಗೆಂದು ಮರಳಿ ಕರೆಸಿಕೊಂಡಿತು. ಆ ಸೇವೆ ಸುಮಾರು ಎರಡು ದಶಕಗಳವರೆಗೆ ಮುಂದುವರಿಯಿತು.

1967ರಿಂದ 1977ರವರೆಗೆ ನೌಕಾಪಡೆಯ ಪ್ರೋಗ್ರಾಮಿಂಗ್ ಭಾಷೆಗಳ ತಂಡವನ್ನು ಮುನ್ನಡೆಸಿದ ಅವರು ಕೋಬಾಲ್ ಕಂಪೈಲರ್‌ಗಳನ್ನು ಪರಿಶೀಲಿಸುವ ತಂತ್ರಾಂಶದ ಅಭಿವೃದ್ಧಿಗೆ ಕಾರಣರಾದರು. ಈ ಪರೀಕ್ಷಾ ಪ್ರೋಗ್ರಾಮ್‌ಗಳೂ ಕೋಬಾಲ್‌ನಲ್ಲಿಯೇ ಇದ್ದವು. ಭಾಷೆಯ ಒಂದೊಂದು ಅಂಶವನ್ನೂ ಬಳಸಿ, ದೊರೆತ ಫಲಿತಾಂಶವನ್ನು ನಿರೀಕ್ಷಿತ ಫಲಿತಾಂಶದೊಂದಿಗೆ ಹೋಲಿಸುವುದು ಅವುಗಳ ವಿಧಾನ. ಹೀಗಾಗಿ ಕಂಪೈಲರ್ ಮಾನದಂಡಕ್ಕೆ ಬದ್ಧವಾಗಿದೆಯೇ ಎಂಬುದನ್ನು ತಯಾರಕರ ಮಾತಿಗೆ ಬಿಡದೆ ನೇರವಾಗಿ ಪರೀಕ್ಷಿಸಿ ತಿಳಿಯುವುದು ಸಾಧ್ಯವಾಯಿತು. ಪ್ರಮುಖ ತಯಾರಕರ ಕೋಬಾಲ್ ಪ್ರಭೇದಗಳು ಪರಸ್ಪರ ಹತ್ತಿರವಾಗಲು ಇಂತಹ ಪರೀಕ್ಷೆಗಳು ನೆರವಾದವು. ಮುಂದೆ ಅಮೆರಿಕದ ರಾಷ್ಟ್ರೀಯ ಮಾನಕ ಸಂಸ್ಥೆಯು ಇವುಗಳನ್ನು ಅಧಿಕೃತವಾಗಿ ನಡೆಸತೊಡಗಿತು.

ಕೊನೆಯ ವರ್ಷಗಳು ಮತ್ತು ಗೌರವಗಳು

ಹಾಪರ್ ಅವರು 1986ರ ಆಗಸ್ಟ್‌ನಲ್ಲಿ, ತಮ್ಮ 79ನೆಯ ವಯಸ್ಸಿನಲ್ಲಿ, ರಿಯರ್ ಅಡ್ಮಿರಲ್ ಪದವಿಯಿಂದ ನಿವೃತ್ತರಾದರು. 1991ರಲ್ಲಿ ಅವರಿಗೆ ರಾಷ್ಟ್ರೀಯ ತಂತ್ರಜ್ಞಾನ ಪದಕ ದೊರೆಯಿತು. 1992ರ ಜನವರಿ 1ರಂದು ವರ್ಜೀನಿಯಾದ ಆರ್ಲಿಂಗ್ಟನ್‌ನಲ್ಲಿ ನಿಧನರಾದರು. 2016ರಲ್ಲಿ ಅವರಿಗೆ ಮರಣೋತ್ತರವಾಗಿ ಅಧ್ಯಕ್ಷೀಯ ಸ್ವಾತಂತ್ರ್ಯ ಪದಕವನ್ನು ನೀಡಲಾಯಿತು. ಅಮೆರಿಕದ ನೌಕಾಪಡೆಯ ಯುದ್ಧನೌಕೆಯೊಂದಕ್ಕೆ ಅವರ ಹೆಸರನ್ನು ಇಡಲಾಗಿದೆ.